ಹಗೇವಿಗಿಳಿದ ಸ್ಪೀಕರು

ನಾಲ್ಕು ಸ್ಪೀಕರುಗಳನ್ನು ಒಂದು ಪಡಸಾಲೆಯಲ್ಲಿ ಕೂರಿಸುವುದು ಏನು ಮಹಾ ವಿದ್ಯೆ! ಒಬ್ಬರ ಮುಖ ಒಬ್ಬರು ನೋಡದ ಬೀಗರನ್ನೇ ಇದೇ ಪಡಸಾಲೆಯಲ್ಲಿ ಒಂದೇ ಪಂಕ್ತಿಗೆ ಕೂರಿಸಿದವಳು ನಾನು. ಸ್ಪೀಕರುಗಳಿಗೆ ಮುನಿಸಿಲ್ಲ, ಹೋಳಿಗೆ ಮೊದಲು ತನಗೇ ಬಡಿಸಬೇಕೆಂಬ ಹಟವಿಲ್ಲ. ಮೂರನೇ ಇಯತ್ತೆಗೆ ಸಾಲೆ ಬಿಟ್ಟರೇನಾಯಿತು, ಊಟದ ಹೊತ್ತಿಗೆ ಕೂರಿಸಿ ತೋರಿಸುತ್ತೇನೆ ಎಂದು ಮೈದುನ ಅಣ್ಣಾರಾಯನಿಗೆ ಹೇಳಿಬಿಟ್ಟೆ.

ಆ ಪೆಟ್ಟಿಗೆಗಳು ನಮ್ಮ ಮನೆಯವರವು. ಹೆಸರು ಹೇಳುವುದಿಲ್ಲ. ಬದುಕಿದ್ದಾಗಲೇ ಹೇಳಲಿಲ್ಲ, ಈಗ ಹೇಳಿ ಏನು ಮಾಡಲಿ. ನಮ್ಮೂರು ನರೋಣಾದಲ್ಲಿ ಟೇಪು ಇದ್ದವರೇ ಕಡಿಮೆ. ಇವರಿಗೆ ಒಂದು ಸ್ಪೀಕರು ಸಾಲದಾಯಿತು. ನಡುವೆ ಕೂತರೆ ಭಜನೆಯವರೆಲ್ಲ ಸುತ್ತ ಕೂತು ಹಾಡಿದಂತೆ ಕೇಳಬೇಕು ಎಂದು ಗುಲಬರ್ಗಾದಿಂದ ನಾಲ್ಕು ತಂದರು. ಅವನ್ನು ಬಿಚ್ಚುವ ಮೊದಲೇ ಹೋಗಿಬಿಟ್ಟರು. ಮಳೆಗಾಲವೆಲ್ಲ ಪೆಟ್ಟಿಗೆಗಳು ಮೂಲೆಯಲ್ಲಿ ಕೂತಿದ್ದವು. ನಾನು ಇನ್ನೊಂದು ಮೂಲೆಯಲ್ಲಿ ಕೂತಿದ್ದೆ. ಹೆಂಗಸಿಗೆ ಇದೆಲ್ಲ ಆಗುವ ಕೆಲಸವಲ್ಲ, ತಾನು ಒಯ್ಯುತ್ತೇನೆ ಎಂದು ಅಣ್ಣಾರಾಯ ಬಂದಾಗಲೇ ನಾನು ಎದ್ದದ್ದು.

ನನಗೆ ಬೇಕಾದದ್ದು ಅವರ ದನಿ. ಅವರು ಹಾಡಿದ ಕ್ಯಾಸೆಟ್ಟು ಒಂದೇ ಇದೆ, ಈ ಪಡಸಾಲೆಯಲ್ಲೇ ನಡೆದ ಸೋಮವಾರದ ಭಜನೆ. ಅವರು ಹಿಂದೆ ಗೋಡೆಗೆ ಒರಗಿ ಕೂತು ಹಾಡುವವರು. ಟೇಪಿಗೆ ಕಿವಿ ಹಚ್ಚಿದರೂ ಸಿಗುವುದು ಮುಂದೆ ಕೂತ ಲಾಡ್ಲೆಸಾಬನ ಡೋಲಕ್ಕು ಮಾತ್ರ. ನಾಲ್ಕರಲ್ಲಿ ಒಂದು ಸ್ಪೀಕರಿನಲ್ಲಾದರೂ ಗಂಡ ಸಿಕ್ಕಾನು ಎಂದುಕೊಂಡೆ.

ಟೇಪನ್ನು ಗೋಡೆಯ ಮಾಡದಲ್ಲಿಟ್ಟು, ಆ ಕ್ಯಾಸೆಟ್ಟು ಹಾಕಿ, ಧೂಳು ಬೀಳದಿರಲೆಂದು ಹಳೆಯ ಸೀರೆಯ ತುಂಡು ಹೊದಿಸಿದೆ. ವಯರಿನ ತುದಿ ಹಲ್ಲಿನಿಂದ ಸುಲಿದು ತಿರುವಿದೆ. ಮೊದಲನೆಯ ಸ್ಪೀಕರನ್ನು ತೊಲೆಗೆ ಕಟ್ಟಿದೆ. ಡೋಲಕ್ಕು ಮಾಳಿಗೆಯಿಂದ ಉದುರಿತು, ಜೊತೆಗೆ ಮಾಳಿಗೆಯ ಮಣ್ಣೂ ಉದುರಿತು. ಎರಡನೆಯದನ್ನು ನೀರು ತುಂಬುವ ಮಣ್ಣಿನ ಹರವಿ ಖಾಲಿಯಿತ್ತು, ಅದರಲ್ಲಿಟ್ಟೆ. ಇಡೀ ಭಜನಾ ಮಂಡಳಿಗೆ ನೆಗಡಿ ಹಿಡಿಯಿತು. ಮೂರನೆಯದನ್ನು ಬೀಸುವ ಕಲ್ಲಿನ ಮೇಲೆ ಕೂರಿಸಿದೆ. ಅದು ಗಡಗಡ ನಡುಗಿ ಕೆಳಗಿಳಿದು ಬಾಗಿಲ ಕಡೆ ಹೊರಟೇಬಿಟ್ಟಿತು! ಸಿಟ್ಟು ಮಾಡಿ ತವರಿಗೆ ಹೊರಟ ಸೊಸೆಯನ್ನು ಹಿಡಿದಂತೆ ಹಿಡಿದು ತಂದೆ. ಅವರ ದನಿ ಮಾತ್ರ ಎಲ್ಲೂ ಇಲ್ಲ.

ಆಗ ಹಗೇವಿನ ಕಡೆ ಕಣ್ಣು ಹೋಯಿತು. ಪಡಸಾಲೆಯ ನೆಲದೊಳಗೆ ಜೋಳ ತುಂಬುವ ಕುಳಿ. ಆಗ ಖಾಲಿಯಿತ್ತು, ಗಾಳಿಯಾಡಲೆಂದು ಬಾಯಿ ತೆರೆದಿಟ್ಟಿದ್ದೆ. ಅದರೊಳಗೆ ಬಗ್ಗಿ ಕೂಗಿದರೆ ನನ್ನಂಥವಳ ದನಿಯೂ ಊರಗೌಡನ ದನಿಯಾಗಿ ಮೇಲೆ ಬರುತ್ತದೆ. ನಾಲ್ಕನೆಯದನ್ನು ಹಗ್ಗ ಕಟ್ಟಿ ಇಳಿಸಿದೆ. ಇಳಿಸುವ ಭರದಲ್ಲಿ ಉಳಿದ ಮೂರರ ವಯರು ಕಿತ್ತು ಬಂದವು. ಬರಲಿ ಬಿಡು ಎಂದೆ. ಯಾಕೆಂದರೆ ಕೆಳಗಿನಿಂದ ಅವರ ದನಿ ಎದ್ದಿತ್ತು. ಡೋಲಕ್ಕು ಎಲ್ಲೋ ದೂರ. ಅವರ ದಪ್ಪ ದನಿ ನನ್ನ ಅಂಗಾಲಿಗೇ ತಾಗುತ್ತಿತ್ತು. ನೆಲದ ಮೇಲೆ ಅಂಗೈ ಊರಿ ಕೂತೆ.

ಹಾಡು ಮುಗಿಯಿತು. ಕ್ಯಾಸೆಟ್ಟಿನಲ್ಲಿ ಅವರು ಕೆಮ್ಮಿದರು.

"ಏ, ಒಳಗ ಅದೀಯೇನ? ಒಂದೀಟು ಚಾ ತಾ. ಗಂಟಲಾ ಒಣಗ್ಯಾದ."

ನನಗೆ ಅಡುಗೆಮನೆಯಲ್ಲಿ ಏನೋ ಕೆಲಸವಿತ್ತು. ಎದ್ದು ಹೋದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಸುಭದ್ರಾಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬರಬೇಕೇ! ಪಡಸಾಲೆಯಲ್ಲಿ ಯಾರೂ ಇಲ್ಲ. ನೆಲದೊಳಗಿನಿಂದ ನಮ್ಮ ಮನೆಯವರು ಕೇಳಿದರು:

"ಚಾ ಎಲ್ಲದ? ಎಷ್ಟೊತ್ತು ಕೂಡ್ಲಿ ನಾ?"

ಅವಳ ಬಟ್ಟಲು ಬಿದ್ದ ಸಪ್ಪಳಕ್ಕೇ ಓಣಿಯೆಲ್ಲ ಸೇರಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಹೊಲದಲ್ಲಿ ಕೂರಿಸಿ ಬಂದಿದ್ದ ನಮ್ಮ ಮನೆಯವರು ನೆಲದೊಳಗೇ ಜರುಗುತ್ತಾ ಜರುಗುತ್ತಾ ಮನೆ ಮುಟ್ಟಿದ್ದಾರೆಂದು ಓಣಿ ತೀರ್ಮಾನಿಸಿತು. ಒಬ್ಬರು ವಿಭೂತಿಗೆ ಓಡಿದರು. ಒಬ್ಬರು ಕಾಯಿ ಒಡೆಯಿರಿ ಎಂದರು. ಅಣ್ಣಾರಾಯ ರುಮಾಲು ತೆಗೆದು ಹಗೇವಿನ ಮುಂದೆ ಅಡ್ಡಬಿದ್ದ.

"ಅಣ್ಣಾ, ತಪ್ಪಾಗ್ಯಾದ. ನಿನ್ನ ಪೆಟ್ಟಿಗಿ ನಾ ಮುಟ್ಟಂಗಿಲ್ಲ. ನೀ ತಣ್ಣಗ ಕೂಡು."

ನಾನು ಹೊರಗೆ ಬಂದು ಮಾಡದ ಬಟ್ಟೆ ಎಳೆದೆ. ಟೇಪಿನ ಗುಂಡಿ ಒತ್ತಿದೆ. ಹಗೇವು ಬಾಯಿ ಮುಚ್ಚಿತು. ಮೊದಲು ಒಬ್ಬರು ನಕ್ಕರು, ಆಮೇಲೆ ಓಣಿಯೇ ನಕ್ಕಿತು. ನನಗೆ ಹುರುಪು ಬಂತು. ಟೇಪಿಗೂ ಸತ್ತವರಿಗೂ ಫರಕು ತಿಳಿಯದ ಮಂದಿ ನೀವು, ಸಾಲೆ ಕಲಿತವರೆಂದರೆ ಯಾರು ನಂಬಬೇಕು ಎಂದು ಒಬ್ಬೊಬ್ಬರನ್ನೇ ಬೈದೆ. ಸುಭದ್ರಾಬಾಯಿ ಕಣ್ಣೊರೆಸಿಕೊಂಡು ಎಲ್ಲ ಕೇಳಿದಳು.

"ಹೌದ್ರಿ ಅಕ್ಕಾ, ನಾವು ಹುಚ್ಚರು. ನಿಮ್ಮ ಕೈಯಾಗಿನ ಆ ಚಾ ಯಾರಿಗ್ರಿ?"

ಕೈ ನೋಡಿಕೊಂಡೆ. ಕಪ್ಪು, ಬಸಿ, ಹೊಗೆಯಾಡುವ ಚಹಾ. ನಾನು ಚಹಾ ಕುಡಿಯುವವಳಲ್ಲ. ಅದು ಓಣಿಗೆಲ್ಲ ಗೊತ್ತು.

ಹೆದರಿ ಬೆವೆತಿದ್ದಾನೆ ಪಾಪ ಎಂದು ಅಣ್ಣಾರಾಯನ ಕೈಗೆ ತುರುಕಿದೆ. ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ.

"ವೈನೀ, ಇದರಾಗ ಸಕ್ರಿನೇ ಇಲ್ಲಲ್ರಿ."

ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಡಾಕ್ಟರು ಬ್ಯಾಡ ಅಂದಾರಲ್ಲ ಅವರಿಗಿ."