ಬೀಳಲೊಲ್ಲದ ಸೇತುವೆ

ಡ್ರಾಯಿಂಗ್ ಟೀಚರ್ ಹತ್ತಿರ ಅರ್ಧ ಡಬ್ಬಿ ನೀಲಿ ಬಣ್ಣ ಮಿಕ್ಕಿದ್ದೇ ತಪ್ಪಾಯಿತು. ಆಕೆಯ ಬಳಿ ಬಣ್ಣ ಮಿಕ್ಕಿತೆಂದರೆ ಶಾಲೆಯ ಗೋಡೆ, ಬಕೆಟ್ಟು, ಕಸದ ಬುಟ್ಟಿ ಯಾವುದಕ್ಕೂ ಉಳಿಗಾಲವಿಲ್ಲ. ಆ ದಿನ ಬೆಳಿಗ್ಗೆ ಆಕೆಯ ಕಣ್ಣಿಗೆ ಬಿದ್ದದ್ದು ಮೂರನೇ ಕ್ಲಾಸಿನ ಸೇತುವೆ.

ಹಳೇ ಪೇಪರುಗಳನ್ನು ಒಂದರ ಮೇಲೊಂದು ಅಂಟಿಸಿ, ಎರಡು ಬೆಂಚುಗಳ ನಡುವೆ ಮಕ್ಕಳು ಇಟ್ಟಿದ್ದ ಸೇತುವೆ ಅದು. ಆ ಕ್ಲಾಸಿನ ಮೇಷ್ಟ್ರದು ಟೆಂಪರರಿ ಕೆಲಸ. ಅವತ್ತು ಶಾಲಾ ಇನ್‌ಸ್ಪೆಕ್ಟರು ಬರುವವರಿದ್ದರು. ಮಕ್ಕಳು ಕೈಯಾರೆ ಮಾಡಿ ಕಲಿಯುವ ಪಾಠ ಅವರಿಗೆ ಹಿಡಿಸಿದರೆ ಮೇಷ್ಟ್ರು ಪರ್ಮನೆಂಟ್. ಹಿಡಿಸದಿದ್ದರೆ ಮತ್ತೆ ಒಂದು ವರ್ಷ ನೇತಾಟ. ಸೇತುವೆ ನಾಲ್ಕು ಪುಸ್ತಕ ಹೊತ್ತು ನಿಂತರೆ ಸಾಕಿತ್ತು.

"ಒಳ್ಳೆ ಕಸ ಗುಡ್ಡೆ ಹಾಕಿದ ಹಾಗಿದೆಯಲ್ಲ ಸಾರ್! ಒಂದು ಕೈ ಬಣ್ಣ ಹೊಡೆದುಬಿಡ್ತೀನಿ ತಾಳಿ," ಅಂದರು ಟೀಚರ್.

ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು, ಲೆಕ್ಕ ಬರುತ್ತಿತ್ತು, 'ಬೇಡ' ಅನ್ನಲು ಮಾತ್ರ ಬರುತ್ತಿರಲಿಲ್ಲ. "ತುಂಬಾ ಉಪಕಾರ ಆಯ್ತು ಮೇಡಂ," ಅಂದರು. ಮೂಗಿಗಿಂತ ಮೂಗುತಿ ಭಾರವಾಯಿತು. ಪೇಪರು ಬಣ್ಣ ಕುಡಿದು ಮೆತ್ತಗಾಯಿತು.

ಆಮೇಲೆ ಡ್ರಿಲ್ ಮಾಸ್ಟರ್ ಬಂದರು. "ಸೇತುವೆ ಅಂದ್ರೆ ಇಷ್ಟೇ ಇಷ್ಟಾ? ಎದೆ ಅಗಲಿಸಿ ನಿಲ್ಬೇಕು ಕಣ್ರೀ!" ಎಂದು ಬೆಂಚುಗಳನ್ನು ಆ ಕಡೆ ಈ ಕಡೆ ಎಳೆದರು. ಸೇತುವೆ ತುದಿಗಾಲಲ್ಲಿ ನಿಂತಿತು. ಅವರಿಗೂ ಉಪಕಾರ ಹೇಳಿದ್ದಾಯಿತು. ಕೊನೆಗೆ ಹೆಡ್‌ಮೇಡಂ ಬಂದು, "ನೋಡೋಕೆ ಲಕ್ಷಣವಾಗಿರಲಿ," ಎಂದು ನಡುಮಧ್ಯೆ ಒಂದು ಹೂಕುಂಡ ಇಟ್ಟರು.

ಸೇತುವೆ ಹಳೇ ಹಗ್ಗದ ಮಂಚದಂತೆ ಜೋತುಬಿತ್ತು. ಸರಿಯಾಗಿ ಆಗಲೇ ಇನ್‌ಸ್ಪೆಕ್ಟರು ಒಳಗೆ ಬಂದು, "ಓಹೋ, ಸೇತುವೆಯೋ!" ಎಂದು ಬಗ್ಗಿದರು. ಪಚಕ್ಕನೆ ಸೇತುವೆ ಕುಂಡದ ಸಮೇತ ಅವರ ಬೂಟಿನ ಪಕ್ಕದಲ್ಲಿ ಬಿತ್ತು. ಬೂಟು ಅರ್ಧ ನೀಲಿಯಾಯಿತು.

ಮೊದಲು ಮಾತಾಡಿದವಳು ಯಾಕಮ್ಮ. ಮಾತೆತ್ತಿದರೆ ಯಾಕೆ, ಯಾಕೆ ಅನ್ನುತ್ತಿದ್ದ ಆ ಹುಡುಗಿಗೆ ಕ್ಲಾಸೇ ಇಟ್ಟ ಹೆಸರು ಅದು.

"ಯಾಕೆ ಬಿತ್ತು ಸಾರ್?"

"ನಂಗೊತ್ತಿಲ್ಲ ಕಣಮ್ಮ. ನೀವೇ ಹೇಳಿ," ಅಂದರು ಮೇಷ್ಟ್ರು, ಮುಳುಗುವವನ ದನಿಯಲ್ಲಿ.

ಕ್ಲಾಸು ಸಂತೆಯಾಯಿತು. "ಒದ್ದೆ ಆಗಿದ್ದಕ್ಕೆ!" "ಬೆಂಚು ದೂರ ಆಗಿದ್ದಕ್ಕೆ!" "ನಿನ್ನ ತಲೆ, ಕುಂಡ ಇಟ್ಟಿದ್ದಕ್ಕೆ!" ಜಗಳ ಬಿಸಿಯಾಗಿ, ಯಾಕಮ್ಮ ಒಂದು ಒಣ ಪೇಪರು ಸುರುಳಿ ಸುತ್ತಿ ಪಕ್ಕದವನ ನೆತ್ತಿಗೆ ಬಾರಿಸಿದಳು. ಬಾರಿಸಿದವಳೇ ನಿಂತು ಸುರುಳಿಯನ್ನು ನೋಡಿದಳು. "ಅರೆ, ಇದು ಯಾಕೆ ಬಗ್ಗಲಿಲ್ಲ?"

"ತುಂಬಾ ಗಟ್ಟಿ ಇದೆ ಕಣೇ," ಎಂದು ನೆತ್ತಿ ಉಜ್ಜಿಕೊಳ್ಳುತ್ತಾ ಸಾಕ್ಷಿ ಹೇಳಿದ ಹುಡುಗ. ಎಲ್ಲರೂ ಪೇಪರು ಸುತ್ತತೊಡಗಿದರು.

ಇನ್‌ಸ್ಪೆಕ್ಟರು ಬೂಟು ಮರೆತು ನೆಲಕ್ಕೇ ಕೂತಿದ್ದರು. "ಬೇಕೂಂತಲೇ ಬೀಳಿಸಿದ್ರಿ ಅಲ್ವಾ ಮೇಷ್ಟ್ರೇ? ಬೀಳಿಸಿ ಕಲಿಸೋದು! ಎಂಥಾ ತಲೆ ರೀ!"

ಬೀಸೋ ದೊಣ್ಣೆ ತಪ್ಪಿತೆಂದು ಮೇಷ್ಟ್ರು ಉಸಿರುಬಿಟ್ಟರು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಇನ್‌ಸ್ಪೆಕ್ಟರು ಫೋನು ತೆಗೆದಿದ್ದರು.

"ದೊಡ್ಡ ಸಾಹೇಬ್ರು ಊಟ ಮುಗಿಸ್ಕೊಂಡು ಬರ್ತಾರಂತೆ. ನಿಮ್ಮ ಆರ್ಡರಿಗೆ ಸಹಿ ಹಾಕೋರೂ ಅವರೇ. ಇದೇ ಪಾಠ ಮಾಡಿ. ಚೆನ್ನಾಗಿ ಬೀಳ್ಬೇಕು, ಅಷ್ಟೇ."

ಊಟದ ಬಿಡುವಿನಲ್ಲಿ ಮಕ್ಕಳು ಆಟಕ್ಕೆ ಹೋಗಲಿಲ್ಲ. ಸುರುಳಿಗಳನ್ನು ಸಾಲಾಗಿ ಜೋಡಿಸಿ ಹುರಿಯಿಂದ ಬಿಗಿದು ಹೊಸ ಸೇತುವೆ ಕಟ್ಟಿದರು. ತಮ್ಮ ಮಾನ ಉಳಿಸಿದ ಆ ಪುಟ್ಟ ಕೈಗಳನ್ನು ಕಂಡು ಮೇಷ್ಟ್ರಿಗೆ ನಿಜಕ್ಕೂ ಕೈಮುಗಿಯಬೇಕು ಅನ್ನಿಸಿತು. ಆದರೂ ಹೊಟ್ಟೆಪಾಡು ಕೇಳಬೇಕಲ್ಲ.

"ಇಷ್ಟು ಬಿಗಿ ಬೇಡ ಮಕ್ಕಳೇ, ಸ್ವಲ್ಪ ಸಡಿಲ ಕಟ್ಟಿ."

"ಯಾಕೆ ಸಾರ್?"

ಮೇಷ್ಟ್ರು ಬೋರ್ಡು ಒರೆಸಲು ಹೋದರು.

ದೊಡ್ಡ ಸಾಹೇಬರು ಹೆಡ್‌ಮೇಡಂ ಜೊತೆ ಬಂದು ಕುರ್ಚಿಯಲ್ಲಿ ಕೂತರು. ನಾಲ್ಕು ಪುಸ್ತಕ ಇಟ್ಟಾಯಿತು, ಸೇತುವೆ ಬೀಳಲಿಲ್ಲ. ಕ್ಲಾಸಿನ ಪುಸ್ತಕವೆಲ್ಲ ಇಟ್ಟಾಯಿತು, ಬೀಳಲಿಲ್ಲ. ಇನ್‌ಸ್ಪೆಕ್ಟರು ಕಣ್ಣು ಮಿಟುಕಿಸುತ್ತಿದ್ದರು. ಮೇಷ್ಟ್ರು ಬೆವರುತ್ತಾ ಆಟದ ಕೋಣೆಯಿಂದ ಕಬ್ಬಿಣದ ಗುಂಡು ತರಿಸಿ ಇಟ್ಟರು. ಯಾರಿಗೂ ಕಾಣದ ಹಾಗೆ ಮೊಣಕೈ ಕೂಡ ಊರಿದರು. ಸೇತುವೆ ಸಾಲ ಕೇಳಿಸಿಕೊಂಡ ನೆಂಟನ ಹಾಗೆ ಅಲುಗಲೇ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಸಾಹೇಬರ ಹುಬ್ಬು ಗಂಟಾಯಿತು. "ಇದು ಮಕ್ಕಳು ಮಾಡಿದ್ದಲ್ಲ. ಮೇಷ್ಟ್ರೇ ಕಟ್ಟಿಟ್ಟು ನಾಟಕ ಆಡ್ತಿದ್ದಾರೆ."

ಯಾಕಮ್ಮ ಧಡಕ್ಕನೆ ಎದ್ದಳು. "ನಮ್ಮ ಮೇಷ್ಟ್ರಿಗೆ ಹಾಗನ್ಬೇಡಿ ಸಾರ್! ಅವರು ಅಂಥವರಲ್ಲ. ಅವರಿಗೆ ಏನೂ ಗೊತ್ತಿಲ್ಲ! ಯಾಕೆ ಬಿತ್ತು ಅಂದ್ರೆ ಗೊತ್ತಿಲ್ಲ ಅಂದ್ರು. ಗಟ್ಟಿ ಕಟ್ಟಿದ್ರೆ ಸಡಿಲ ಮಾಡಿ ಅಂದ್ರು. ನಾವೇ ಕಂಡುಹಿಡಿದಿದ್ದು, ಬೇಕಾದ್ರೆ ಕೇಳಿ!"

ಕ್ಲಾಸಿಗೆ ಕ್ಲಾಸೇ ಎದ್ದು, ಮೇಷ್ಟ್ರಿಗೆ ಏನೇನು ಗೊತ್ತಿಲ್ಲ ಎಂದು ಪ್ರೀತಿಯಿಂದ ಪಟ್ಟಿ ಮಾಡಿತು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಾಹೇಬರು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದರು. ಒದ್ದೆ ಪೇಪರು, ಒಣ ಪೇಪರು, ಚಪ್ಪಟೆ, ಸುರುಳಿ, ಎಲ್ಲಕ್ಕೂ ಪಟಪಟ ಉತ್ತರ ಬಂತು. ಅವರ ಮುಖ ಅರಳಿತು. ಎದ್ದು ಬಂದು ಮೇಷ್ಟ್ರ ಕೈ ಕುಲುಕಿದರು.

"ಇಂಥಾ ಕ್ಲಾಸು ನಾನು ನೋಡೇ ಇಲ್ಲ. ಮೇಡಂ, ಇವರನ್ನು ಪರ್ಮನೆಂಟ್ ಮಾಡೋದು ಬೇಡ."

"ಸಾರ್?" ಎಂದರು ಹೆಡ್‌ಮೇಡಂ.

"ಪರ್ಮನೆಂಟ್ ಆದ್ರೆ ಟ್ರೈನಿಂಗಿಗೆ ಕಳಿಸ್ಬೇಕು. ಟ್ರೈನಿಂಗಿಗೆ ಹೋದ್ರೆ ಎಲ್ಲಾ ಗೊತ್ತಾಗಿಬಿಡುತ್ತೆ. ಮಕ್ಕಳ ಗತಿ ಏನು? ಇನ್ನೊಂದು ವರ್ಷ ಹೀಗೇ ಇರಲಿ. ಇದೇ ಮಕ್ಕಳ ಜೊತೆ ನಾಲ್ಕನೇ ಕ್ಲಾಸಿಗೂ ಕಳಿಸಿ."

"ಉಪಕಾರ ಆಯ್ತು ಸಾರ್," ಎಂದಿತು ಮೇಷ್ಟ್ರ ಬಾಯಿ, ಅವರನ್ನು ಕೇಳದೆಯೇ.

ಕಾರು ಹೋದ ಮೇಲೆ ಮೇಷ್ಟ್ರು ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಯಾಕಮ್ಮ ಪಕ್ಕದಲ್ಲಿ ಬಂದು ಕೂತಳು.

"ಮುಂದಿನ ವರ್ಷಾನೂ ನೀವೇನಾ ಸಾರ್ ನಮಗೆ?"

"ನಾನೇ ಕಣಮ್ಮ."

ಅವಳು ಹಲ್ಲುಬಿದ್ದ ಬಾಯಗಲಿಸಿ ನಕ್ಕಳು. ಮೇಷ್ಟ್ರಿಗೆ ಸಿಟ್ಟು ಮಾಡಿಕೊಳ್ಳಬೇಕೆಂದಿತ್ತು, ಆಗಲಿಲ್ಲ.

"ಸಾರ್, ವಿಮಾನ ಯಾಕೆ ಕೆಳಗೆ ಬೀಳಲ್ಲ ಅಂತ ನಿಮಗೆ ಗೊತ್ತಾ?"

ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು. "ಇಲ್ವಲ್ಲೇ."

"ಅಬ್ಬ, ಸದ್ಯ!" ಎಂದಳು ಯಾಕಮ್ಮ.