ಗೇಟಿಗೆ ಬಿದ್ದ ಬೆಸುಗೆ

ಹೊಸ ಮನೆಗೆ ವೆಲ್ಡರ್ ಗೇಟು ನಿಲ್ಲಿಸಿ ಎರಡು ತಿಂಗಳಾದರೂ ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರ ದುಡ್ಡು ಬಿಚ್ಚಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಪಲ್ಲವಿ: "ಮಾಲೀಕರು ನನಗೆ ಕೊಟ್ಟ ಕೂಡ್ಲೇ ನಿನಗೆ." ಇತ್ತ ಕಬ್ಬಿಣದಂಗಡಿಯವನು ಬೆಳಗ್ಗೆಯೇ ಬಂದು, ಸಂಜೆಯೊಳಗೆ ಬಾಕಿ ತೀರಿಸದಿದ್ದರೆ ವೆಲ್ಡಿಂಗ್ ಮಷೀನನ್ನೇ ಹೊತ್ತೊಯ್ಯುತ್ತೇನೆಂದು ಹೇಳಿ ಹೋಗಿದ್ದ. ಮಷೀನು ಹೋದರೆ ವೆಲ್ಡರನ ಮನೆಮಂದಿಗೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಅಷ್ಟರಲ್ಲಿ ಗೇಟಿನ ಎದುರುಮನೆಯ ಅಜ್ಜಿಯ ಫೋನು ಬಂತು. "ಇವತ್ತು ಮಾಲೀಕರ ಸಾಮಾನು ಬರುತ್ತಂತೆ ಕಣೋ. ನಿನ್ನ ಗುತ್ತಿಗೆದಾರ ಒಬ್ಬನೇ ಒಳಗಿದಾನೆ. ಓಡಿ ಬಾ!"

ಕಬ್ಬಿಣದಂಗಡಿಯವನ ಕೈಗೆ ಸಿಗದಿರಲೆಂದು ವೆಲ್ಡರ್ ಮಷೀನನ್ನೂ ತಳ್ಳುಗಾಡಿಗೇರಿಸಿಕೊಂಡು ಬಂದೇಬಿಟ್ಟ. ಗೇಟಿಗೆ ಹೊರಗಿನಿಂದ ಬೀಗ ಹಾಕಿ ಗುತ್ತಿಗೆದಾರನನ್ನು ಒಳಗೇ ಕೂಡಿಹಾಕುವುದು ಅವನ ಲೆಕ್ಕಾಚಾರ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಒಪ್ಪಲಿಲ್ಲ.

"ಬೀಗ ಒಡೀತಾನೆ. ಬೆಸುಗೆ ಹಾಕಯ್ಯ! ಕಾನೂನು ನಿನ್ನ ಕಡೆಗಿದೆ."

ಯಾವ ಕಾನೂನೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಅಜ್ಜಿ ಕಿಟಕಿಯಿಂದ ಕರೆಂಟು ಕೊಟ್ಟರು. ಕಿಡಿ ಚಿಮ್ಮಿ, ಗೇಟಿನ ಎರಡು ಬಾಗಿಲೂ ಒಂದೇ ಆಗಿಹೋದವು. ಸದ್ದಿಗೆ ಗುತ್ತಿಗೆದಾರ ಹೊರಗೋಡಿ ಬಂದ.

"ಏಯ್, ಏನ್ ಮಾಡ್ತಿದೀಯಾ?"

"ನನ್ನ ದುಡ್ಡು ಬರೋವರೆಗೂ ನೀವು ಒಳಗೆ, ನಾನು ಹೊರಗೆ! ಮಾಲೀಕರೂ ಬಂದು ನೋಡ್ಲಿ!"

ಗುತ್ತಿಗೆದಾರ ಗೇಟಿನ ತುದಿಯತ್ತ ಕಣ್ಣು ಹಾಯಿಸಿದ.

"ಭರ್ಜಿ ಇದೆ ಸಾರ್, ಜೋಪಾನ! ಕಳ್ಳರು ಹತ್ತಬಾರದು ಅಂತ ನೀವೇ ಹಾಕಿಸಿದ್ದು."

ಅಷ್ಟರಲ್ಲಿ ಸೇರಿದ್ದ ಬೀದಿಯ ಜನ ಘೊಳ್ಳೆಂದರು. ಗುತ್ತಿಗೆದಾರ ಒಳಗೆ ಹೋದ. ವೆಲ್ಡರ್ ಗೇಟಿಗೆ ಬೆನ್ನು ಕೊಟ್ಟು, ಹೆಣ್ಣು ಕೊಟ್ಟ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಕಾಲ ಮೇಲೆ ಕಾಲು ಹಾಕಿ ಕೂತ. ಬೀದಿಗೆ ಬೀದಿಯೇ ಅವನಿಗೆ ಟೀ ತಂದುಕೊಟ್ಟಿತು.

ಮಧ್ಯಾಹ್ನವಾಯಿತು. ಒಳಗಿನಿಂದ ಸದ್ದೇ ಇಲ್ಲ. "ಹೊಟ್ಟೆ ಚುರುಗುಟ್ಟಲಿ, ತಾನೇ ದಾರಿಗೆ ಬರ್ತಾನೆ," ಎಂದರು ಹೆಡ್‌ಮಾಸ್ಟರು.

"ನನಗೂ ಒಂದು ಟೀ ಇರ್ಲಿ," ಎಂದಿತು ಜನರ ಹಿಂದಿನಿಂದ ಒಂದು ದನಿ.

ಗುತ್ತಿಗೆದಾರ! ಸ್ನಾನ ಮಾಡಿ, ಅಂಗಿ ಬದಲಿಸಿ, ಮನೆಯಲ್ಲಿ ಉಂಡು ಬಂದಿದ್ದ.

"ನೀವು... ಹೆಂಗೆ ಬಂದ್ರಿ?"

"ಹಿಂದುಗಡೆಯಿಂದ. ಅಲ್ಲಿ ಕಾಂಪೌಂಡ್ ಗೋಡೆ ಎಲ್ಲಿದೆ? ದುಡ್ಡು ಕೊಡ್ಲಿಲ್ಲ ಅಂತ ಗಾರೆಯವನು ಕಟ್ಟದೇ ಹೋದ್ನಲ್ಲ, ಪುಣ್ಯಾತ್ಮ!"

ಗೇಟಿನವನಿಗೆ ಮನೆಯ ಬೆನ್ನು ನೋಡುವ ಪ್ರಮೇಯವೇ ಬಂದಿರಲಿಲ್ಲ. ಅವನ ಮೈಯೆಲ್ಲ ಉರಿದುಹೋಯಿತು.

"ನನ್ನ ದುಡ್ಡು ಎಲ್ಲಿ?"

"ತೆರೆಯದ ಗೇಟಿಗೆ ಯಾರಾದ್ರೂ ದುಡ್ಡು ಕೊಡ್ತಾರೇನಯ್ಯ?"

"ಮಷೀನು ಹೋದ್ರೆ ಹೋಗ್ಲಿ! ನನ್ನ ದುಡ್ಡು ಕೊಡದೆ ಈ ಗೇಟು ದಾಟಿ ಒಂದು ನರಪಿಳ್ಳೇನೂ ಒಳಗೆ ಹೋಗಲ್ಲ!" ವೆಲ್ಡರ್ ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತು ಗುಡುಗಿದ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆಯೇ ಮಾಲೀಕರ ಸಾಮಾನಿನ ಲಾರಿ ಬಂತು. ಗುತ್ತಿಗೆದಾರ ಕೈ ತೋರಿಸಿದ ಕಡೆಗೆ ತಿರುಗಿ, ಹಿಂದಿನ ಓಣಿಯಿಂದ ಸಲೀಸಾಗಿ ಮನೆಯಂಗಳಕ್ಕೆ ಹೋಗಿ ನಿಂತಿತು.