ಒಣಕೊಂಬೆಯ ಚಿಗುರು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಎಲೆ. ಅದೂ ಸಾಸಿವೆ ಕಾಳಿನಷ್ಟು.

ಆಂಟ್ವರ್ಪಿನಲ್ಲಿ ವಿಧವೆಯ ಭಾವಚಿತ್ರ ಕೆತ್ತಿದರೆ ಅಂಚಿನಲ್ಲಿ ಒಣಕೊಂಬೆ, ಅದರ ಮೇಲೆ ಒಂಟಿ ಪಾರಿವಾಳ, ಕೆಳಗೊಂದು ಧ್ಯೇಯವಾಕ್ಯ ಇರಲೇಬೇಕು. ಸಕ್ಕರೆ ವ್ಯಾಪಾರಿಯ ವಿಧವೆ ಡಿಂಫ್ನಾ ಹೇಳಿದ್ದೂ ಅದನ್ನೇ. ಆದರೆ ಕೆತ್ತುವ ಲೀವನ್‌ಗೆ ಏಳು ವರ್ಷದಿಂದ ಅವಳ ಮೇಲೆ ಜೀವ, ಬಾಯಿಬಿಡಲು ಮಾತ್ರ ಧೈರ್ಯವಿಲ್ಲ. ಅವಳ ರೆಪ್ಪೆಗಳನ್ನು ಒಂದೊಂದಾಗಿ ತಾಮ್ರದ ಮೇಲೆ ಕೆತ್ತುತ್ತ ಕೆತ್ತುತ್ತ ತಡೆಯಲಾರದೆ, ಒಣಕೊಂಬೆಯ ತುದಿಗೆ ಒಂದು ಎಲೆ ಚಿಗುರಿಸಿಬಿಟ್ಟ.

ಪಕ್ಕದಂಗಡಿಯ ಮುದ್ರಕ ಗೊಮ್ಮಾರ್ ನೂರು ಪ್ರತಿ ಒತ್ತಿಕೊಟ್ಟು ಹುಬ್ಬು ಗಂಟಿಕ್ಕಿದ. "ಕೆಳಗೆ 'ಒಂಟಿಯಾಗಿಯೇ ಇರುವೆ', ಮೇಲೆ ಚಿಗುರು. ಗುಟ್ಟಾಗಿ ಒಂದು ಚೀಟಿ ಬರಿಯೋದು ಬಿಟ್ಟು ಇದೇನಯ್ಯಾ?"

"ಅವಳಿಗೆ ಅರ್ಥ ಆಗತ್ತೆ," ಅಂದ ಲೀವನ್.

ಅರ್ಥವೇನೋ ಆಯಿತು. ಮರುದಿನ ಬೆಳಿಗ್ಗೆ ತನ್ನ ಮನೆಯಲ್ಲಿ ಚಿತ್ರ ನೋಡಿದ ಡಿಂಫ್ನಾ ಎಲೆಯ ಮೇಲೆ ಬೆರಳಿಟ್ಟಳು. ಕೆನ್ನೆ ಕೆಂಪಾಯಿತು.

"ಈ ಎಲೆ ಯಾರಿಗೆ, ಲೀವನ್?"

ಆಗಲೇ ಅವನ ಬಾಯಿಗೆ ಬೀಗ ಬೀಳಬೇಕೆ? "ಅದು... ಅರ್ಥ ಆದವರಿಗೆ, ಅಮ್ಮಾವ್ರೇ."

"ಹಾಗಾದ್ರೆ ಅರ್ಥ ಆದವರು ಬಂದು ಕೇಳ್ಲಿ. ನಾನೂ ಎಷ್ಟು ದಿನ ಅಂತ ಒಬ್ಳೇ ಇರ್ಲಿ?"

ಅಷ್ಟರಲ್ಲಿ ಕೆಲಸದವಳು ಚಿತ್ರಗಳ ಕಟ್ಟು ಎತ್ತಿಕೊಂಡು ಪರಿಚಯದವರ ಮನೆಗಳಿಗೆ ಹಂಚಲು ಹೊರಟಳು. ಲೀವನ್‌ಗೆ ಅದರ ಕಡೆ ಗಮನವೇ ಇರಲಿಲ್ಲ.

ಹೆಣ್ಣು ಕೇಳಲು ಮಸಿ ಮೆತ್ತಿದ ಅಂಗಿಯಲ್ಲಿ ಹೋಗುವುದುಂಟೆ? ಮನೆಗೆ ಓಡಿದ. ಗೊಮ್ಮಾರನ ಹೆಂಡತಿ, ತಾನೆಕೆ ಎಂಬವಳು, ಅವನ ಅಂಗಿಗೆ ಕಟ್ಟುವ ಬಿಡಿ ಕಾಲರು ನೋಡಿ, "ಇದನ್ನ ಹಾಕ್ಕೊಂಡು ಹೋದ್ರೆ ಹೆಣ ಹೊರೋಕೆ ಬಂದೋನು ಅಂತಾರೆ," ಎಂದು ಕಿತ್ತುಕೊಂಡಳು. ಗಂಜಿ ಹಾಕಿ ಇಸ್ತ್ರಿ ಒತ್ತಿದಳು, ಕಾಲರು ಸುಟ್ಟುಹೋಯಿತು. ಗಂಡನದ್ದೊಂದು ಕಾಲರಿಗೆ ಮತ್ತೆ ಗಂಜಿ ಹಾಕಿದಳು. ಗೊಮ್ಮಾರ್ ಅವನ ಉಗುರಿನ ಮಸಿ ತಿಕ್ಕಲು ಕೂತ. ಚರ್ಮ ಹೋಯಿತು, ಮಸಿ ಹೋಗಲಿಲ್ಲ.

"ಕೈ ಹಿಂದೆ ಕಟ್ಕೊಂಡೇ ಮಾತಾಡು," ಅಂದ.

"ಬಿಡ್ರೋ ನನ್ನ, ಹೊತ್ತಾಯ್ತು."

"ಏಳು ವರ್ಷ ತಡಕೊಂಡೋನಿಗೆ ಕಾಲರು ಒಣಗೋವರೆಗೂ ತಡೆಯಕ್ಕಾಗಲ್ವಾ?" ಅಂದಳು ತಾನೆಕೆ.

ಅದು ಒಣಗುವಷ್ಟರಲ್ಲಿ ಸಂಜೆಯಾಯಿತು. ಲೀವನ್ ಕೈ ಹಿಂದೆ ಕಟ್ಟಿಕೊಂಡು ಒಳಹೊಕ್ಕಾಗ ಡಿಂಫ್ನಾಳ ಪಕ್ಕದಲ್ಲಿ ಕಾಲುವೆಯಾಚೆಯ ಬಿಯರ್ ಭಟ್ಟಿಯ ಒಡೆಯ ಕೂತಿದ್ದ. ಮೈಮೇಲೆ ಕೆಲಸದ ಏಪ್ರನ್ನು, ಕೈಯಲ್ಲಿ ಅದೇ ಚಿತ್ರ.

"ಎಲೆ ನೋಡಿದ ಕೂಡ್ಲೇ ಇವರಿಗೆ ಅರ್ಥ ಆಯ್ತಂತೆ. ಹಾಗೇ ಓಡಿ ಬಂದ್ರು, ನಾನೂ ಒಪ್ಪಿದೆ," ಅಂದಳು. ಲೀವನ್‌ನ ಹೊಸ ಕಾಲರನ್ನು ಒಂದು ಗಳಿಗೆ ನೋಡಿ ದನಿ ತಗ್ಗಿಸಿದಳು. "ಮಧ್ಯಾಹ್ನದವರೆಗೂ ಕಿಟಕೀಲೇ ಕೂತಿದ್ದೆ. ಬೇರೆ ಒಬ್ರು ಬರ್ತಾರೇನೋ ಅಂತ."

ಲೀವನ್ ಹಿಂದೆ ಕಟ್ಟಿದ್ದ ಕೈ ಬಿಚ್ಚಿದ.

"ಒಳ್ಳೇ ಹೊತ್ತಿಗೆ ಬಂದ್ರಿ," ಅಂದ ಭಟ್ಟಿಯವನು. "ಈ ಕೊಂಬೆ ಮೇಲೆ ಇನ್ನೊಂದು ಪಾರಿವಾಳ ಹಿಡಿಸತ್ತಾ?"

"ಹಿಡಿಸತ್ತೆ," ಅಂದ ಲೀವನ್. "ಜಾಗ ಬಿಟ್ಟೇ ಕೆತ್ತಿದ್ದೆ."